ವಾದ್ಯದ ಕುಲ, ನಾದದ ಕುಲ: ಕದ್ರಿ ಗೋಪಾಲನಾಥರ ಸ್ಯಾಕ್ಸೋಫೋನ್ ವಾದನದ ವಿಮರ್ಶೆ

೧

ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲೂಕುಗಳ ಈ ಸೀಮೆಯಲ್ಲಿ ದೇವಾಲಯದ ವಾರ್ಷಿಕೋತ್ಸವವನ್ನು ನೋಡಲು ಬಂದ ಪರಸ್ಥಳದ ರಸಿಕರು ಬಹುಮಟ್ಟಿಗೆ ಒಂದೇ ಪ್ರಶ್ನೆಯನ್ನು ಕೇಳುವರು. ದೇವರ ಬಲಿ ಹೊರಟು, ಚೆಂಡೆಯ ಸುತ್ತು ಮುಗಿದು, ವಾದ್ಯದ ಸುತ್ತು ಆರಂಭವಾಗುವಾಗ, ನಾಗಸ್ವರವಿರಬೇಕಾದ ಸ್ಥಾನದಲ್ಲಿ ಬಾಗಿದ ಕೊರಳಿನ ಹಿತ್ತಾಳೆಯ ವಾದ್ಯವೊಂದು ಎಷ್ಟೋ ಕಡೆಗಳಲ್ಲಿ ನಿಂತಿರುವುದಲ್ಲ, ಇದು ಹೇಗೆ ಬಂದಿತು ಎಂಬುದೇ ಆ ಪ್ರಶ್ನೆ. ಊರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಇಲ್ಲ. ಮದುವೆಯ ದಿಬ್ಬಣಕ್ಕೂ ಗೃಹಪ್ರವೇಶಕ್ಕೂ ಅದೇ ವಾದ್ಯವನ್ನು ಕರೆಸಿ ಅವರಿಗೆ ಅಭ್ಯಾಸವಾಗಿಹೋಗಿದೆ. ಆದರೆ ಅಭ್ಯಾಸವಾದುದೆಲ್ಲವೂ ವಿಚಾರಿತವಾದುದಲ್ಲ. ಪರಸ್ಥಳದವರ ಪ್ರಶ್ನೆಗೆ ಉತ್ತರವನ್ನು ಹುಡುಕಹೊರಟರೆ ಅದು ಒಬ್ಬ ವ್ಯಕ್ತಿಯ ಜೀವನವೃತ್ತಾಂತಕ್ಕೆ ನಮ್ಮನ್ನು ಕೊಂಡೊಯ್ಯುವುದು. ಅವರೇ ಕದ್ರಿ ಗೋಪಾಲನಾಥರು.

ಪ್ರಕೃತ ಲೇಖಕನು ವ್ಯಾಕರಣಾಲಂಕಾರಗಳನ್ನು ಗುರುಮುಖದಿಂದ ಕಲಿತವನೇ ಹೊರತು ವಾದ್ಯವನ್ನು ಕೈಯಲ್ಲಿ ಹಿಡಿದವನಲ್ಲ. ಲಕ್ಷಣಗ್ರಂಥಗಳ ಪರಿಚಯವೂ, ಕೇಳಿ ಕೇಳಿ ಪಳಗಿದ ಕಿವಿಯೂ ಮಾತ್ರ ಅವನ ಬಂಡವಾಳ. ಆದುದರಿಂದ ಮೊದಲು ಒಂದು ತಪ್ಪೊಪ್ಪಿಗೆಯಿಂದ ಆರಂಭಿಸುವುದು ಯುಕ್ತ. ಪಾಠಶಾಲೆಯಲ್ಲಿ ಓದುತ್ತಿದ್ದ ಕಾಲದಲ್ಲಿ ಉತ್ಸವವೊಂದಕ್ಕೆ ಹೋಗಿದ್ದಾಗ ಈ ವಾದ್ಯವನ್ನು ಮೊದಲ ಸಲ ದೇವಾಲಯದ ಅಂಗಳದಲ್ಲಿ ಕಂಡು, ಬ್ಯಾಂಡಿನವರ ಕೊಳವೆಗೆ ಇಲ್ಲೇನು ಕೆಲಸವೆಂದು ಸಹಪಾಠಿಗಳೊಡನೆ ನಾವು ಗಟ್ಟಿಯಾಗಿ ನಕ್ಕಿದ್ದೆವು. ಪಕ್ಕದಲ್ಲಿ ನಿಂತಿದ್ದ ವೃದ್ಧ ನಾಗಸ್ವರದವರೊಬ್ಬರು ಸಿಟ್ಟಾಗಲಿಲ್ಲ. ಕಣ್ಣು ಮುಚ್ಚಿ ಸ್ವಲ್ಪ ಹೊತ್ತು ಕೇಳಿರಿ, ಆಮೇಲೆ ನಗಬೇಕೆನಿಸಿದರೆ ನಗಿರಿ ಎಂದಷ್ಟೇ ಹೇಳಿದರು. ಕಣ್ಣು ಮುಚ್ಚಿದೆವು. ಆ ಮೇಲೆ ನಗು ಬರಲಿಲ್ಲ. ಆ ದಿನ ನುಡಿಸಿದವರು ಪ್ರಸಿದ್ಧರಲ್ಲ, ಆದರೆ ಪ್ರಸಿದ್ಧರೊಬ್ಬರ ದಾರಿಯಲ್ಲಿ ನಡೆದವರು. ಅಂದು ಹುಟ್ಟಿದ ಸಂಶಯವನ್ನೇ ಈಗ ವಿಚಾರದ ರೂಪದಲ್ಲಿ ವಾಚಕರ ಮುಂದಿಡುತ್ತಿದ್ದೇವೆ. ವಾದ್ಯದ ಕುಲವನ್ನು ನಿರ್ಣಯಿಸುವುದು ಅದು ಹುಟ್ಟಿದ ದೇಶವೋ, ಅದರಲ್ಲಿ ಹುಟ್ಟುವ ನಾದವೋ?

೨

ಮೊದಲು ಚರಿತ್ರೆ. ಸುಬ್ರಹ್ಮಣ್ಯದ ಕಡೆಯಿಂದ ಹರಿದುಬರುವ ಕುಮಾರಧಾರೆಯು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಸೇರುವುದು. ಸಂಗಮದಿಂದ ಕೆಳಗೆ ಆ ನದಿಯು ಬಂಟ್ವಾಳ ತಾಲೂಕನ್ನು ಹೊಕ್ಕು ಪಾಣೆಮಂಗಳೂರಿನ ಕಡೆಗೆ ಸಾಗುವುದು. ಆ ಸೀಮೆಯ ಸಜೀಪಮೂಡವೆಂಬ ಗ್ರಾಮದಲ್ಲಿ ೧೯೪೯ನೆಯ ಡಿಸೆಂಬರ್ ೬ರಂದು ಗೋಪಾಲನಾಥರು ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಾದಕರು, ತಾಯಿ ಗಂಗಮ್ಮನವರು. ಮನೆಯ ವಿದ್ಯೆಯೇ ನಾಗಸ್ವರವಾದುದರಿಂದ ಬಾಲಕನಿಗೆ ಅದರ ಮೊದಲ ಪಾಠವು ತಂದೆಯಿಂದಲೇ ಆಯಿತು. ಮುಂದಿನ ವಿಚಾರಕ್ಕೆಲ್ಲ ಈ ಒಂದು ಸಂಗತಿಯೇ ಅಸ್ತಿಭಾರವೆಂಬುದನ್ನು ವಾಚಕರು ನೆನಪಿನಲ್ಲಿಡಬೇಕು.

ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ನುಡಿಸುವುದನ್ನು ಕೇಳಿ ಆ ನಾದಕ್ಕೆ ಮನಸೋತ ಹುಡುಗನು ಅದನ್ನೇ ಕಲಿಯುವುದೆಂದು ನಿಶ್ಚಯಿಸಿದನು. ಮೈಸೂರಿನ ಅರಸರು ಪಾಶ್ಚಾತ್ಯ ಸಂಗೀತಕ್ಕೂ ಕರ್ಣಾಟಕ ಸಂಗೀತಕ್ಕೂ ಸಮಾನವಾಗಿ ಆಶ್ರಯವಿತ್ತವರು. ಬ್ಯಾಂಡಿನ ವಾದ್ಯಗಳಲ್ಲಿ ನಮ್ಮ ಕೀರ್ತನೆಗಳನ್ನು ನುಡಿಸುವ ಪದ್ಧತಿ ಅಲ್ಲಿ ಮೊದಲೇ ಇದ್ದಿತು. ಆದರೆ ಬ್ಯಾಂಡಿನಲ್ಲಿ ಹತ್ತಾರು ಜನರೊಡನೆ ಕೂಡಿ ಧಾತುವನ್ನು ನುಡಿಸುವುದು ಬೇರೆ, ವೇದಿಕೆಯ ಮೇಲೆ ಒಬ್ಬನೇ ಕುಳಿತು ಆಲಾಪನೆಯಿಂದ ಕಲ್ಪನಾಸ್ವರದವರೆಗೆ ಮನೋಧರ್ಮವನ್ನು ನಿರ್ವಹಿಸುವುದು ಬೇರೆ. ಈ ಎರಡನೆಯದು ಸಾಧ್ಯವೆಂದು ತೋರಿಸಲು ಗೋಪಾಲನಾಥರಿಗೆ ಬಹುವರ್ಷಗಳ ಸಾಧನೆ ಬೇಕಾಯಿತು. ಮಂಗಳೂರಿನ ಕಲಾನಿಕೇತನದ ಎನ್. ಗೋಪಾಲಕೃಷ್ಣ ಅಯ್ಯರವರಲ್ಲಿ ಅವರು ಕರ್ಣಾಟಕ ಸಂಗೀತವನ್ನು ಕ್ರಮವಾಗಿ ಅಭ್ಯಸಿಸಿದರು. ಆ ಬಳಿಕ ಮದರಾಸಿನಲ್ಲಿ, ಗಾಯಕರೂ ಮೃದಂಗ ವಿದ್ವಾಂಸರೂ ಆದ ಟಿ. ವಿ. ಗೋಪಾಲಕೃಷ್ಣನ್ ಅವರ ಮಾರ್ಗದರ್ಶನವು ದೊರೆಯಿತು. ಚೆಂಬೈ ವೈದ್ಯನಾಥ ಭಾಗವತರ ಹೆಸರಿನ ಸ್ಮಾರಕ ಸಂಸ್ಥೆಯ ವೇದಿಕೆಯು ಅವರಿಗೆ ಮದರಾಸಿನ ರಸಿಕರ ಪರಿಚಯವನ್ನು ಮಾಡಿಸಿತು.

೧೯೮೦ರಲ್ಲಿ ಮುಂಬಯಿಯ ಜಾಸ್ ಉತ್ಸವದಲ್ಲಿ ಅಮೆರಿಕದ ಸ್ಯಾಕ್ಸೋಫೋನ್ ವಾದಕರಾದ ಜಾನ್ ಹ್ಯಾಂಡಿಯವರು ಗೋಪಾಲನಾಥರ ವಾದನವನ್ನು ಕೇಳಿ ತಾವೂ ವೇದಿಕೆಯೇರಿ ಜೊತೆಗೂಡಿದುದು ಅವರ ಖ್ಯಾತಿಗೆ ಹೊಸ ಬಾಗಿಲನ್ನು ತೆರೆಯಿತು. ೧೯೯೪ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ.ಯವರು ನಡೆಸುವ ಪ್ರಾಮೆನೇಡ್ ಕಛೇರಿಗಳಿಗೆ ಆಹ್ವಾನವು ಬಂದಿತು; ಕರ್ಣಾಟಕ ಸಂಗೀತದವರಲ್ಲಿ ಈ ಆಹ್ವಾನವನ್ನು ಪಡೆದ ಮೊದಲಿಗರು ಅವರು. ಅದೇ ವರ್ಷ ಕೆ. ಬಾಲಚಂದರ್ ಅವರ ‘ಡ್ಯುಯೆಟ್’ ಎಂಬ ತಮಿಳು ಚಲನಚಿತ್ರದಲ್ಲಿ, ಎ. ಆರ್. ರಹಮಾನ್ ಅವರ ಸಂಗೀತ ನಿರ್ದೇಶನದಲ್ಲಿ, ಕಥಾನಾಯಕನ ಸ್ಯಾಕ್ಸೋಫೋನಿಗೆ ನಾದವನ್ನು ಕೊಟ್ಟವರೂ ಅವರೇ. ಸಭೆಯ ಹೊಸ್ತಿಲನ್ನು ತುಳಿಯದ ಲಕ್ಷಾಂತರ ಜನರು ಕಲ್ಯಾಣವಸಂತ ರಾಗವನ್ನು ಅದರ ಹೆಸರನ್ನರಿಯದೆಯೇ ಗುನುಗುವಂತಾಯಿತು. ೨೦೦೪ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಸಂದಿತು. ೨೦೧೯ನೆಯ ಅಕ್ಟೋಬರ್ ೧೧ರಂದು, ಎಪ್ಪತ್ತು ತುಂಬುವ ಮೊದಲೇ, ಮಂಗಳೂರಿನಲ್ಲಿ ಅವರು ದಿವಂಗತರಾದರು.

೩

ಇನ್ನು ವಿಚಾರ. ಗೋಪಾಲನಾಥರ ಕಲೆಯ ಮೇಲೆ ಪಂಡಿತರು ಎತ್ತುವ ಮೊದಲನೆಯ ಆಕ್ಷೇಪವೆಂದರೆ ವಾದ್ಯವು ವಿದೇಶೀಯವೆಂಬುದು. ಬೆಲ್ಜಿಯಂ ದೇಶದಲ್ಲಿ ಜನಿಸಿದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಇದನ್ನು ನಿರ್ಮಿಸಿ ೧೮೪೬ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕನ್ನು ಪಡೆದುಕೊಂಡನು. ಇಂಥದಕ್ಕೆ ಶಾಸ್ತ್ರದಲ್ಲಿ ಸ್ಥಾನವೆಲ್ಲಿ ಎಂದು ಕೇಳುವವರುಂಟು.

ಶಾಸ್ತ್ರವನ್ನೇ ಕೇಳೋಣ. ಭರತನ ನಾಟ್ಯಶಾಸ್ತ್ರವು ತನ್ನ ೨೮ನೆಯ ಅಧ್ಯಾಯದಲ್ಲಿ ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕಾಗಿ ವಿಭಾಗಿಸಿದೆ. ಈ ವಿಭಾಗಕ್ಕೆ ಆಧಾರವಾದುದು ನಾದವು ಹುಟ್ಟುವ ಬಗೆ: ತಂತಿಯಿಂದ ಹುಟ್ಟುವುದು ತತ, ಚರ್ಮದಿಂದ ಹುಟ್ಟುವುದು ಅವನದ್ಧ, ಗಟ್ಟಿಯಾದ ಲೋಹದ ತಾಡನದಿಂದ ಹುಟ್ಟುವುದು ಘನ, ರಂಧ್ರದಲ್ಲಿ ವಾಯುವಿನಿಂದ ಹುಟ್ಟುವುದು ಸುಷಿರ. ನುಡಿಸುವವನ ಜಾತಿಯಾಗಲಿ ವಾದ್ಯವು ಹುಟ್ಟಿದ ದೇಶವಾಗಲಿ ಅಲ್ಲಿ ಭೇದಕ ಧರ್ಮವಾಗಿ ಪರಿಗಣಿತವಾಗಿಲ್ಲ. ಸ್ಯಾಕ್ಸೋಫೋನಿನ ಒಡಲು ಹಿತ್ತಾಳೆಯದೇ ಆದರೂ ಅದು ಘನವಲ್ಲ. ಒಳಗೆ ವಾಯುಸಂಚಾರದಿಂದ ನುಡಿಯುವುದಾದುದರಿಂದ ಸುಷಿರವೇ. ಹೀಗೆ ಭರತನ ಮನೆಯಲ್ಲಿ ಅದಕ್ಕೆ ಕೊಳಲು ನಾಗಸ್ವರಗಳ ಪಂಕ್ತಿಯಲ್ಲಿಯೇ ಮಣೆ ಸಿದ್ಧವಾಗಿದೆ.

ಸಂಗೀತರತ್ನಾಕರದ ಮಾತನ್ನೂ ನೋಡಬಹುದು. ೧೩ನೆಯ ಶತಮಾನದಲ್ಲಿ ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿ ಆ ಮಹಾಗ್ರಂಥವನ್ನು ರಚಿಸಿದ ಶಾರ್ಙ್ಗದೇವನು ಯಾರು? ಕಾಶ್ಮೀರದಿಂದ ವಲಸೆಬಂದು ದಕ್ಷಿಣಾಪಥದಲ್ಲಿ ನೆಲೆಸಿದ ಮನೆತನದವನು. ತುರುಷ್ಕತೋಡಿ, ತುರುಷ್ಕಗೌಡವೆಂಬ ಹೆಸರಿನ ರಾಗಗಳಿಗೂ ಅವನು ತನ್ನ ಗ್ರಂಥದಲ್ಲಿ ಎಡೆಗೊಟ್ಟಿರುವನು. ವಲಸೆಗಾರನು ಬರೆದು, ಪರದೇಶದ ಹೆಸರುಗಳಿಗೂ ಸ್ಥಳವಿತ್ತ ಗ್ರಂಥವನ್ನು ಮುಂದಿಟ್ಟುಕೊಂಡು, ವಿದೇಶೀಯವೆಂಬ ಒಂದೇ ಕಾರಣಕ್ಕೆ ವಾದ್ಯವನ್ನು ನಿರಾಕರಿಸುವುದು ನ್ಯಾಯವಲ್ಲ. ಪಿಟೀಲಿನ ದೃಷ್ಟಾಂತವಂತೂ ಎಲ್ಲರಿಗೂ ವಿದಿತವಾದುದು. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿಯನ್ನರಿಂದ ಅದನ್ನು ಕಲಿತರು; ಇಂದು ಅದಿಲ್ಲದೆ ಕಛೇರಿಯೇ ಇಲ್ಲ. ಅದನ್ನು ವಿದೇಶೀಯವೆಂದು ಯಾರೂ ಮೂಗು ಮುರಿಯುವುದಿಲ್ಲ.

ಇನ್ನೊಂದು ಸಂಗತಿಯೂ ಗಮನಾರ್ಹ. ಸ್ಯಾಕ್ಸೋಫೋನಿಗೆ ತನ್ನ ತವರಿನಲ್ಲಿಯೂ ದೊಡ್ಡ ಮನೆಯ ಮರ್ಯಾದೆ ಸುಲಭವಾಗಿ ದೊರೆಯಲಿಲ್ಲ. ಪಾಶ್ಚಾತ್ಯರ ಮಹಾವಾದ್ಯವೃಂದದಲ್ಲಿ ಅದಕ್ಕೆ ಖಾಯಂ ಪೀಠ ಸಿಕ್ಕಲಿಲ್ಲ. ಸೈನ್ಯದ ಬ್ಯಾಂಡುಗಳು ಅದನ್ನು ಸಾಕಿದವು. ಸಮುದ್ರದಾಚೆ ಅಮೆರಿಕದ ಕರಿಯ ಜನರು ತಮ್ಮ ಜಾಸ್ ಸಂಗೀತದಲ್ಲಿ ಅದಕ್ಕೆ ಕಂಠವನ್ನು ಕೊಟ್ಟರು. ನಮ್ಮಲ್ಲಿ ನಾಗಸ್ವರದವರ ಸ್ಥಿತಿಯೂ ಇದಕ್ಕಿಂತ ಬಹಳ ಬೇರೆಯಲ್ಲ. ಮಂಗಳವಾದ್ಯವೆಂದು ಹೊಗಳಿ ಎಲ್ಲರಿಗಿಂತ ಮುಂದೆ ನಡೆಯಿಸಿದ ನಾವು, ನುಡಿಸುವವನನ್ನು ಮಾತ್ರ ಅಂಗಳದಲ್ಲಿಯೇ ನಿಲ್ಲಿಸಿದೆವು. ಅಂಗಳದಲ್ಲಿ ನಿಂತವರ ಮಗನು ಅಂಗಳದ ಮತ್ತೊಂದು ವಾದ್ಯವನ್ನು ಎತ್ತಿಕೊಂಡು ವೇದಿಕೆಯನ್ನೇರಿದನೆಂಬುದೇ ಈ ಚರಿತ್ರೆಯ ಸಾರ.

೪

ಎರಡನೆಯ ಆಕ್ಷೇಪವು ಇದಕ್ಕಿಂತ ಬಲವಾದುದು. ದೇಶವು ಯಾವುದಾದರೂ ಆಗಲಿ, ಈ ವಾದ್ಯದಲ್ಲಿ ಗಮಕವು ಬರುವುದೆ? ಗಮಕವಿಲ್ಲದ ಸ್ವರಪಂಕ್ತಿಯು ಕರ್ಣಾಟಕ ಸಂಗೀತವೆನಿಸಲಾರದು. ಸ್ವರದ ಕಂಪನವು ಕೇಳುವವನ ಚಿತ್ತಕ್ಕೆ ಸುಖವನ್ನುಂಟುಮಾಡಿದಾಗ ಅದು ಗಮಕವೆಂಬುದು ರತ್ನಾಕರದ ಅಭಿಪ್ರಾಯ. ತಿರಿಪ, ಸ್ಫುರಿತ, ಕಂಪಿತ, ಲೀನ, ಆಂದೋಲಿತ ಮೊದಲಾಗಿ ಹದಿನೈದು ಭೇದಗಳನ್ನು ಅಲ್ಲಿ ಎಣಿಸಲಾಗಿದೆ.

ನಾಗಸ್ವರದ ರಚನೆಯನ್ನು ನೋಡಿರಿ. ಮರದ ಒಡಲು, ಎರಡು ದಳಗಳುಳ್ಳ ನಾಲಗೆ, ಬೆರಳಿನಿಂದ ನೇರವಾಗಿ ಮುಚ್ಚುವ ಏಳು ರಂಧ್ರಗಳು. ರಂಧ್ರವನ್ನು ಅರೆಯಾಗಿ, ಕಾಲಾಗಿ, ಎಳ್ಳಿನಷ್ಟಾಗಿ ತೆರೆದು ಮುಚ್ಚುವುದರಿಂದಲೂ ಉಸಿರಿನ ಏರಿಳಿತದಿಂದಲೂ ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು ಅಲ್ಲಿ ಸಹಜ. ಸ್ಯಾಕ್ಸೋಫೋನಿನಲ್ಲಾದರೋ ಬೆರಳಿಗೂ ರಂಧ್ರಕ್ಕೂ ನೇರವಾದ ಸಂಬಂಧವಿಲ್ಲ. ಬೆರಳು ಕೀಲಿಯನ್ನು ಒತ್ತುವುದು, ಕೀಲಿಯು ಮುಚ್ಚಳವನ್ನು ಚಲಿಸುವುದು, ಮುಚ್ಚಳವು ರಂಧ್ರವನ್ನು ಮುಚ್ಚುವುದು. ಸ್ವರವು ಮೆಟ್ಟಿಲಿನಿಂದ ಮೆಟ್ಟಿಲಿಗೆ ಹಾರಲೆಂದೇ ಇದು ನಿರ್ಮಿತವಾಗಿದೆ. ಹಾಗಾದರೆ ತೋಡಿಯ ಗಾಂಧಾರವನ್ನು ತೂಗುವುದು ಹೇಗೆ?

ಗೋಪಾಲನಾಥರ ಉತ್ತರವು ಮೂರು ಬಗೆಯದಾಗಿತ್ತು. ವಾದ್ಯದ ಕೀಲಿಗಳಲ್ಲಿ ತಮಗೆ ಅನುಕೂಲವಾದ ಮಾರ್ಪಾಡುಗಳನ್ನು ಅವರು ಮಾಡಿಕೊಂಡರು. ಕೀಲಿಯನ್ನು ತಟ್ಟನೆ ಒತ್ತಿಬಿಡದೆ ಕ್ರಮಕ್ರಮವಾಗಿ ನಡೆಸುವ ಹದವನ್ನು ಬೆರಳುಗಳಿಗೆ ಕಲಿಸಿದರು. ಎಲ್ಲಕ್ಕಿಂತ ಮುಖ್ಯವಾಗಿ, ತುಟಿ ದವಡೆ ಉಸಿರುಗಳ ಒತ್ತಡದಿಂದ ಸ್ವರವನ್ನು ಬಾಗಿಸುವ ಕೆಲಸವನ್ನು ಸಿದ್ಧಿಸಿಕೊಂಡರು. ಈ ಮೂರನೆಯದು ಎಲ್ಲಿಂದ ಬಂದಿತು? ಜಾಸ್ ವಾದಕರೂ ತುಟಿಯಿಂದ ಸ್ವರವನ್ನು ಬಾಗಿಸುವರು. ಆದರೆ ಅವರದು ಭಾವದ ಅಲಂಕಾರ, ಬೇಕಾದಾಗ ಬರುವುದು, ಬೇಡವಾದಾಗ ಬಿಡುವುದು. ಗೋಪಾಲನಾಥರಲ್ಲಿ ಅದು ರಾಗದ ನಿಯಮಕ್ಕೆ ಅಧೀನವಾದುದು. ಬಾಗಿಸದಿದ್ದರೆ ರಾಗವೇ ಕೆಡುವುದು. ಈ ನಿಯಮವನ್ನು ಅವರ ತುಟಿಯು ಬಾಲ್ಯದಲ್ಲಿಯೇ ತಂದೆಯ ನಾಗಸ್ವರದಿಂದ ಕಲಿತಿದ್ದಿತು. ಹಿತ್ತಾಳೆಯ ಕೊಳವೆಯೊಳಗೆ ಮರದ ಕೊಳವೆಯೊಂದು ಅಡಗಿ ನುಡಿಯುತ್ತಿರುವಂತೆ ಅವರ ವಾದನವು ಕೇಳಿಸುವುದಕ್ಕೆ ಇದೇ ಕಾರಣವೆಂದು ನಮ್ಮ ಅಭಿಪ್ರಾಯ.

ಕಲ್ಯಾಣವಸಂತವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ೨೧ನೆಯ ಮೇಳವಾದ ಕೀರವಾಣಿಯಲ್ಲಿ ಜನ್ಯವಾದ ಈ ರಾಗದ ಆರೋಹಣದಲ್ಲಿ ಋಷಭ ಪಂಚಮಗಳಿಲ್ಲ, ಅವರೋಹಣವು ಸಂಪೂರ್ಣ. ಏರುವಾಗ ಷಡ್ಜದಿಂದ ಗಾಂಧಾರಕ್ಕೆ, ಮಧ್ಯಮದಿಂದ ಧೈವತಕ್ಕೆ ನೆಗೆಯಬೇಕು. ಈ ನೆಗೆತವು ಕೀಲಿಗಳುಳ್ಳ ವಾದ್ಯಕ್ಕೆ ಹೇಳಿಮಾಡಿಸಿದಂತಿದೆ. ಇಳಿಯುವಾಗಲಾದರೋ ಏಳು ಸ್ವರಗಳನ್ನೂ ಒಂದರೊಳಗೊಂದನ್ನು ಕರಗಿಸುತ್ತ ಬರಬೇಕು. ಇಲ್ಲಿ ನಾಗಸ್ವರದ ಉಸಿರು ಬೇಕು. ಒಂದೇ ರಾಗದ ಏರುದಾರಿಯಲ್ಲಿ ವಾದ್ಯದ ಸ್ವಭಾವವನ್ನೂ ಇಳಿದಾರಿಯಲ್ಲಿ ಮನೆತನದ ವಿದ್ಯೆಯನ್ನೂ ತೋರಿಸಲು ಅವಕಾಶವಿದ್ದುದರಿಂದ ಆ ರಾಗವು ಅವರ ಕೈಯಲ್ಲಿ ಅಷ್ಟು ಬೆಳಗಿತೆಂದು ಊಹಿಸಬಹುದು. ಹೀಗೆ ವಾದ್ಯದ ಸ್ವಭಾವವನ್ನು ಅರಿತು ರಾಗವನ್ನು ಆರಿಸುವುದು ವಿವೇಕ. ವಾದ್ಯಕ್ಕೆ ಕಷ್ಟವೆಂದು ರಾಗದ ಅಂಗವನ್ನೇ ಮೊಟಕುಗೊಳಿಸುವುದು ಅಪರಾಧ. ಆಲಾಪನೆಯ ಅವರ ಉತ್ತಮ ಘಳಿಗೆಗಳಲ್ಲಿ ಮೊದಲನೆಯದನ್ನು ಕಾಣುತ್ತೇವೆ, ಎರಡನೆಯದನ್ನು ಕಾಣುವುದಿಲ್ಲ.

೫

ಇಲ್ಲಿಯವರೆಗಿನ ವಿಚಾರವು ಪರದೇಶದ ವಾದ್ಯವು ನಮ್ಮ ಬಾಗಿಲಿಗೆ ಬಂದ ಕಥೆಯಾಯಿತು. ಮನುಷ್ಯನೇ ಪರದೇಶಕ್ಕೆ ಹೋದಾಗ ಏನಾಗುವುದೆಂಬುದನ್ನೂ ನೋಡಿದರೆ ಪ್ರಶ್ನೆಯ ಇನ್ನೊಂದು ಮುಖವು ಗೋಚರವಾಗುವುದು. ಇದಕ್ಕೆ ಆರ್ಮೇನಿಯನ್ ಜನಾಂಗದ ಊದ್ ವಾದಕರ ಚರಿತ್ರೆಯು ಒಳ್ಳೆಯ ದೃಷ್ಟಾಂತ. ಊದ್ ಎಂದೊಡನೆ ಊದುವ ವಾದ್ಯವೆಂದು ಕನ್ನಡಿಗರು ಭ್ರಮಿಸಬಾರದು, ಶಬ್ದಸಾಮ್ಯವು ಕಾಕತಾಳೀಯ. ಅರಬೀ ಭಾಷೆಯಲ್ಲಿ ಆ ಶಬ್ದಕ್ಕೆ ಮರವೆಂದರ್ಥ. ಕುಳ್ಳು ಕೊರಳಿನ, ಅರ್ಧ ಸೀಳಿದ ಪೇರಳೆಯಂಥ ಒಡಲಿನ, ಮೆಟ್ಟಿಲುಗಳಿಲ್ಲದ ತಂತೀವಾದ್ಯವದು. ಮೆಟ್ಟಿಲುಗಳಿಲ್ಲದ ಕಾರಣ ಸೂಕ್ಷ್ಮಶ್ರುತಿಗಳೆಲ್ಲವೂ ಅದರಲ್ಲಿ ಸುಲಭಸಾಧ್ಯ.

ಈ ವಾದ್ಯವು ಆರ್ಮೇನಿಯನ್ನರದೊಂದೇ ಆಗಿರಲಿಲ್ಲ. ಅರಬರದೂ ತುರ್ಕರದೂ ಆಗಿದ್ದಿತು. ೧೯೧೫ರ ನರಮೇಧದಲ್ಲಿ ಆಟೊಮನ್ ಸಾಮ್ರಾಜ್ಯದ ಆರ್ಮೇನಿಯನ್ನರು ಲಕ್ಷಗಟ್ಟಲೆಯಾಗಿ ಮಡಿದರು. ಉಳಿದವರು ದಿಕ್ಕುದಿಕ್ಕಿಗೆ ಚದುರಿದರು. ಆ ತಲೆಮಾರಿನವರಲ್ಲಿ ಅದಪಜಾರಿನಲ್ಲಿ ೧೯೦೧ರಲ್ಲಿ ಹುಟ್ಟಿ, ಇಸ್ತಾಂಬುಲಿನಲ್ಲಿ ಬಾಳಿ, ೧೯೭೮ರಲ್ಲಿ ತೀರಿಕೊಂಡ ಹ್ರಾಂತ್ ಕೆಂಕುಲಿಯಾನ್ ಎಂಬ ಅಂಧ ವಾದಕರು ‘ಉದಿ ಹ್ರಾಂತ್’ ಎಂದೇ ಪ್ರಸಿದ್ಧರು. ಉದಿ ಎಂದರೆ ಊದನ್ನು ಬಲ್ಲವನು. ತಮ್ಮ ಜನಾಂಗವನ್ನು ಅಷ್ಟು ಸಂಕಟಕ್ಕೀಡುಮಾಡಿದ ರಾಜ್ಯದ ಭಾಷೆಯಾದ ತುರ್ಕಿಯಲ್ಲಿಯೇ ಅವರು ಹಾಡಿದರು. ಆ ಸಂಗೀತವನ್ನು ಶತ್ರುವಿನದೆಂದು ದೂರವಿಡಲಿಲ್ಲ. ಕಣ್ಣಿನ ಚಿಕಿತ್ಸೆಗೆಂದು ೧೯೫೦ರಲ್ಲಿ ಅಮೆರಿಕಕ್ಕೆ ಹೋದ ಅವರಿಗೆ ದೃಷ್ಟಿ ಬರಲಿಲ್ಲ, ಆದರೆ ಅಲ್ಲಿ ನೆಲೆಸಿದ್ದ ಸ್ವಜನರು ಅವರ ವಾದನವನ್ನು ಕಿವಿದುಂಬಿ ಕೇಳಿದರು. ಕ್ಯಾಲಿಫೋರ್ನಿಯದಲ್ಲಿ ೧೯೩೭ರಲ್ಲಿ ಹುಟ್ಟಿದ ರಿಚರ್ಡ್ ಹಗೋಪಿಯಾನ್ ಅವರು ಹ್ರಾಂತರಿಂದ ‘ಉದಿ’ ಎಂಬ ಬಿರುದನ್ನು ಪಡೆದು, ೧೯೮೯ರಲ್ಲಿ ಅಮೆರಿಕದ ರಾಷ್ಟ್ರೀಯ ಪರಂಪರಾ ಗೌರವಕ್ಕೂ ಪಾತ್ರರಾದರು. ಪೂರ್ವಿಕರ ನೆಲದಲ್ಲಿ ಹುಟ್ಟದ ಪೀಳಿಗೆಗೆ ವಾದ್ಯವೇ ಆ ನೆಲವಾಯಿತು.

ನಮ್ಮ ಕನ್ನಡ ನಾಡಿನಿಂದ ಹೊರಗೆ ಹೋದವರಿಗೆ ಅಂಥ ದಾರುಣ ಪ್ರಸಂಗವೇನೂ ಬಂದುದಲ್ಲ. ವಿದ್ಯೆ ಉದ್ಯೋಗಗಳನ್ನು ಅರಸಿ ಹೋದವರು ಅವರು. ಆದರೂ ಅವರ ಮಕ್ಕಳನ್ನು ಕಾಡುವ ಪ್ರಶ್ನೆಯು ಒಂದೇ ಜಾತಿಯದು. ಕರ್ಣಾಟಕ ಮೂಲದ ಮನೆತನದಲ್ಲಿ, ೧೯೭೧ರಲ್ಲಿ ಇಟಲಿಯ ಟ್ರಿಯೆಸ್ಟಿನಲ್ಲಿ ಹುಟ್ಟಿ, ಅಮೆರಿಕದ ಕೊಲರಾಡೊ ಪ್ರಾಂತದ ಬೋಲ್ಡರಿನಲ್ಲಿ ಬೆಳೆದ ರುದ್ರೇಶ ಮಹಾಂತಪ್ಪನವರು ಜಾಸ್ ಸ್ಯಾಕ್ಸೋಫೋನ್ ವಾದಕರು. ಅವರು ಸಂಗೀತ ವಿದ್ಯಾರ್ಥಿಯಾಗಿದ್ದಾಗ ಅಣ್ಣನು ಪರಿಹಾಸಕ್ಕೆಂದು ಒಂದು ಧ್ವನಿಮುದ್ರಣವನ್ನು ತಂದುಕೊಟ್ಟನಂತೆ. ಅದು ಭಾರತೀಯ ಶೈಲಿಯ ಸ್ಯಾಕ್ಸೋಫೋನ್ ಎಂಬ ಅರ್ಥದ ಹೆಸರುಳ್ಳ, ಗೋಪಾಲನಾಥರ ಮುದ್ರಣ. ಪರಿಹಾಸವು ಅಲ್ಲಿಗೇ ನಿಂತಿತು. ಮುಂದೆ ೨೦೦೭ರಲ್ಲಿ ಗುಗೆನ್‌ಹೈಮ್ ವೇತನವನ್ನು ಪಡೆದು ಅವರು ಕರ್ಣಾಟಕ ಸಂಗೀತದ ಪರಿಶ್ರಮಕ್ಕೆ ತೊಡಗಿದರು. ೨೦೦೮ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಎಂಬ ಮುದ್ರಣವು ಪ್ರಕಟವಾಯಿತು. ಬಂಧುಗಳು ಎಂಬುದು ಆ ಹೆಸರಿನ ಅರ್ಥ. ಎ. ಕನ್ಯಾಕುಮಾರಿಯವರ ಪಿಟೀಲೂ ಪೂವಲೂರು ಶ್ರೀಜಿಯವರ ಮೃದಂಗವೂ ಅದರಲ್ಲಿ ಪಾಶ್ಚಾತ್ಯ ವಾದ್ಯಗಳೊಡನೆ ಸೇರಿವೆ.

ಸಜೀಪದ ಮಗನಿಗೆ ರಾಗವು ಸ್ವಂತ, ವಾದ್ಯವು ಪರಕೀಯ. ಬೋಲ್ಡರಿನ ಮಗನಿಗೆ ವಾದ್ಯವು ಸ್ವಂತ, ರಾಗವು ಪರಕೀಯ. ಆರ್ಮೇನಿಯನ್ ಉದಿಗೆ ವಾದ್ಯರಾಗಗಳೆರಡೂ ಸ್ವಂತ, ಕಾಲ ಕೆಳಗಿನ ನೆಲ ಮಾತ್ರ ಪರಕೀಯ. ಈ ಮೂವರನ್ನು ಒಟ್ಟಿಗೆ ನೋಡಿದಾಗ ನಮಗೆ ತೋರುವುದಿಷ್ಟು: ವಾದ್ಯ, ರಾಗ, ನೆಲ ಎಂಬ ಮೂರರಲ್ಲಿ ಯಾವುದು ಕೈತಪ್ಪಿದರೂ ಕಲೆಯು ಬದುಕಬಲ್ಲದು, ಗುರುವಿನ ಮುಂದೆ ಕುಳಿತು ಕಲಿಯುವ ಶ್ರದ್ಧೆಯು ಕೈತಪ್ಪಿದರೆ ಮಾತ್ರ ಬದುಕಲಾರದು. ‘ಕಿನ್ಸ್‌ಮೆನ್’ ಮುದ್ರಣವನ್ನು ಕೇಳುವವರು ಒಂದೇ ಜಾತಿಯ ಎರಡು ವಾದ್ಯಗಳನ್ನು ಅರೆಕ್ಷಣದಲ್ಲಿ ಬೇರ್ಪಡಿಸಬಲ್ಲರು. ಒಂದು ಸ್ವರದಿಂದ ಸ್ವರಕ್ಕೆ ಒರಸಿಕೊಂಡು ನಡೆಯುವುದು, ಇನ್ನೊಂದು ಕೋನಕೋನವಾಗಿ ತಿರುಗುವುದು. ವಾದ್ಯವು ಕುಲವನ್ನು ನಿರ್ಣಯಿಸುವುದಾಗಿದ್ದರೆ ಈ ಭೇದವು ಕೇಳಿಸಲೇಬಾರದಾಗಿದ್ದಿತು.

೬

ಗುಣಗಳನ್ನು ಹೇಳಿ ದೋಷಗಳನ್ನು ಮುಚ್ಚುವುದು ವಿಮರ್ಶೆಯಲ್ಲ, ಅಭಿನಂದನಪತ್ರ. ಗೋಪಾಲನಾಥರ ಕಛೇರಿಗಳಲ್ಲಿ ಎಲ್ಲವೂ ಸಮಾನವಾದ ತೂಕದ್ದಾಗಿರಲಿಲ್ಲ. ವೇಗದಲ್ಲಿ ಅವರಿಗಿದ್ದ ಅಸಾಧಾರಣ ಸಾಮರ್ಥ್ಯವೇ ಕೆಲವೊಮ್ಮೆ ಅವರಿಗೆ ಶತ್ರುವಾಗುತ್ತಿದ್ದಿತು. ತ್ವರಿತಗತಿಯ ಸ್ವರಪ್ರಸ್ತಾರಕ್ಕೆ ಚಪ್ಪಾಳೆಯು ಮಳೆಗರೆದಾಗ ವಿಳಂಬದ ಕೀರ್ತನೆಗೆ ಸಲ್ಲಬೇಕಾದ ಕಾಲವು ಅದರ ಪಾಲಾಗುತ್ತಿದ್ದಿತು. ದೊಡ್ಡ ಸಭಾಂಗಣದ ಧ್ವನಿವರ್ಧಕದಲ್ಲಿ ಈ ವಾದ್ಯದ ಸೂಕ್ಷ್ಮ ಗಮಕಗಳು ಒರಟಾಗಿ ಕೇಳಿಸುವುದೂ ಉಂಟು. ವಿದೇಶೀ ವಾದ್ಯಗಾರರೊಡನೆ ಕೂಡಿದ ಎಲ್ಲ ಪ್ರಯೋಗಗಳಲ್ಲಿಯೂ ಮೇಲೆ ಹೇಳಿದ ಮುದ್ರಣದ ಗಾಂಭೀರ್ಯವನ್ನು ನಿರೀಕ್ಷಿಸಲಾಗದು. ಆದರೆ ಇವು ಸಾಹಿತ್ಯವನ್ನು ನುಡಿಯಲಾರದ ಎಲ್ಲ ವಾದ್ಯಗಳಿಗೂ ಒದಗುವ ಅಪಾಯಗಳು. ಈ ವಾದ್ಯಕ್ಕೆ ಮಾತ್ರ ವಿಶೇಷವಾದುವಲ್ಲ.

ನಿಜವಾದ ಚಿಂತೆಯು ಬೇರೆಡೆಯಲ್ಲಿದೆ. ಮೇರುವ್ಯಕ್ತಿಯೊಬ್ಬನ ಹಿಂದೆ ಅನುಕರಣವು ಬರುವುದು ಲೋಕನಿಯಮ. ನಮ್ಮ ಮೂರು ತಾಲೂಕುಗಳಲ್ಲಿ ಈಗ ಈ ವಾದ್ಯವನ್ನು ನುಡಿಸುವವರು ಅನೇಕರು. ಹಿಂದೆ ವಾದ್ಯದವರ ಮನೆಗಳಲ್ಲಿ ಗಂಡುಮಕ್ಕಳಿಗೇ ಮೀಸಲಾಗಿದ್ದ ವಿದ್ಯೆಯಲ್ಲಿ ಈಗ ಹೆಣ್ಣುಮಕ್ಕಳೂ ಮುಂದೆ ಬಂದಿರುವರು. ಇದು ಸಂತೋಷದ ಸಂಗತಿ. ಆದರೆ ಇವರಲ್ಲಿ ಎಷ್ಟು ಜನರ ಉಸಿರಿನಲ್ಲಿ ನಾಗಸ್ವರವಿದೆ? ಗೋಪಾಲನಾಥರು ನಾಗಸ್ವರವನ್ನು ಕಲಿತ ಬಳಿಕ ಅದನ್ನು ದಾಟಿದರು. ಮುಂದಿನವರಲ್ಲಿ ಕೆಲವರು ಅದನ್ನು ಮುಟ್ಟದೆಯೇ ದಾಟಲು ಹೊರಟಿರುವರು. ಕೀಲಿಯನ್ನೊತ್ತಿದರೆ ಸ್ವರವು ಶುದ್ಧವಾಗಿ ಬಂದೇ ಬರುವುದಾದುದರಿಂದ ಆರು ತಿಂಗಳ ಅಭ್ಯಾಸದಲ್ಲಿ ದಿಬ್ಬಣಕ್ಕೆ ಬೇಕಾಗುವಷ್ಟು ಚಲನಚಿತ್ರಗೀತೆಗಳು ಕೈಗೆ ಹತ್ತುವುವು. ಕರೆಸಿದ ಯಜಮಾನನಿಗೂ ಅಷ್ಟೇ ಸಾಕು. ಕಳೆದ ವರ್ಷ ನಾವು ಹೋಗಿದ್ದ ಒಂದು ಉತ್ಸವದಲ್ಲಿ ವಾದ್ಯಸುತ್ತಿನ ಹೊತ್ತಿಗೆ ಚಲನಚಿತ್ರದ ಧಾಟಿಯೊಂದು ಕೇಳಿಸಿತು, ಯಾರೂ ಹುಬ್ಬೇರಿಸಲಿಲ್ಲ. ನಾಲ್ಕು ದಶಕಗಳ ಹಿಂದೆ ವಾದ್ಯವನ್ನು ಕಂಡು ನಕ್ಕವರು ನಾವು. ಈಗ ನಾದವನ್ನು ಕೇಳಿ ಅಳಬೇಕಾದಲ್ಲಿ ಸುಮ್ಮನಿದ್ದೆವು. ಎರಡೂ ತಪ್ಪೇ, ಎರಡನೆಯದು ದೊಡ್ಡ ತಪ್ಪು.

ಹಾಗಾದರೆ ನಾಗಸ್ವರವು ಹಿಂದೆ ಸರಿದುದಕ್ಕೆ ಗೋಪಾಲನಾಥರು ಹೊಣೆಯೆ? ಈ ಮಾತನ್ನು ವಿದ್ವಾಂಸರ ಬಾಯಿಂದಲೂ ಕೇಳಿದ್ದೇವೆ. ಇದು ಯುಕ್ತವೆಂದು ನಮಗೆ ತೋರುವುದಿಲ್ಲ. ನಾಗಸ್ವರದ ಸಾಧನೆಯು ದೇಹವನ್ನು ಸವೆಸುವಂಥದು; ಅದರ ಆದಾಯವು ಉತ್ಸವಮುಹೂರ್ತಗಳನ್ನೇ ನೆಚ್ಚಿದುದು; ಅದಕ್ಕೆ ದೊರೆತ ಸಾಮಾಜಿಕ ಮರ್ಯಾದೆಯು ಎಂಥದೆಂದು ಮೇಲೆಯೇ ಹೇಳಿದೆ. ಆ ಮನೆತನದ ಮಕ್ಕಳು ಶಾಲೆ ಕಛೇರಿಗಳ ದಾರಿ ಹಿಡಿದುದರಲ್ಲಿ ಯಾರಿಗೂ ದೋಷವಿಲ್ಲ. ಈ ಸ್ಥಿತಿಯಲ್ಲಿ ಸ್ಯಾಕ್ಸೋಫೋನು ಬಾರದಿದ್ದರೆ ನಾಗಸ್ವರವು ಉಳಿಯುತ್ತಿದ್ದಿತೆಂದು ಹೇಳಲು ಆಧಾರವಿಲ್ಲ. ಮನೆಯ ವಿದ್ಯೆಯನ್ನು ಬಿಟ್ಟುಹೋಗಬಹುದಾಗಿದ್ದ ಎಷ್ಟೋ ತರುಣರು ಹೊಸ ವಾದ್ಯದ ನೆಪದಿಂದ ಸಂಗೀತದಲ್ಲಿಯೇ ನಿಂತರೆಂದು ಹೇಳಲು ಮಾತ್ರ ಆಧಾರವು ನಮ್ಮ ಕಣ್ಣ ಮುಂದೆಯೇ ಇದೆ.

೭

ಉಪಸಂಹಾರ. ವಾದ್ಯದ ಕುಲವನ್ನು ನಿರ್ಣಯಿಸುವುದು ನಾದ. ನಾದದ ಕುಲವನ್ನು ನಿರ್ಣಯಿಸುವುದು ಶಿಕ್ಷಣ. ಈ ದೃಷ್ಟಿಯಿಂದ ಗೋಪಾಲನಾಥರ ಸ್ಯಾಕ್ಸೋಫೋನು ನಾಗಸ್ವರದ ಕುಲಕ್ಕೆ ಸೇರಿದುದು. ವಾದ್ಯವನ್ನು ಬದಲಿಸಿದರೂ ಅವರು ವಂಶವನ್ನು ಬದಲಿಸಲಿಲ್ಲ. ಅವರ ಸ್ಥಾನವನ್ನು ನಿರ್ದೇಶಿಸುವಾಗ ವಿದೇಶದ ವಾದ್ಯವನ್ನು ನುಡಿಸಿದವರೆಂಬ ಕೌತುಕವನ್ನು ಹಿಂದಿಟ್ಟು, ನಾಗಸ್ವರದ ಬಾನಿಯನ್ನು ಮತ್ತೊಂದು ಒಡಲಿನಲ್ಲಿ ಉಳಿಸಿದವರೆಂಬ ಸತ್ಯವನ್ನು ಮುಂದಿಡುವುದು ನ್ಯಾಯ.

ಇದರಿಂದ ನಮಗೆ ಎರಡು ಕರ್ತವ್ಯಗಳು ಒದಗುವುವು. ಸ್ಯಾಕ್ಸೋಫೋನನ್ನು ಕಲಿಸುವ ಗುರುಗಳು ಮೊದಲ ಎರಡು ವರ್ಷಗಳಾದರೂ ಶಿಷ್ಯರ ಕೈಗೆ ನಾಗಸ್ವರವನ್ನು ಕೊಡಲಿ, ಇಲ್ಲವೆ ಕಂಠದಲ್ಲಿ ಗಮಕವನ್ನು ಸಾಧಿಸಲಿ. ದೇವಾಲಯಗಳ ಆಡಳಿತದವರು ವಾದ್ಯಸುತ್ತಿಗೆ ರಾಗದ ನಿಯಮವನ್ನು ಕೇಳಿ ಪಡೆಯಲಿ, ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಲಿ. ಇದು ಒಂದು. ನಮ್ಮ ಸೀಮೆಯಲ್ಲಿ ಉಳಿದಿರುವ ವೃದ್ಧ ನಾಗಸ್ವರದವರ ನುಡಿಸಾಣಿಕೆಯನ್ನೂ ಅವರ ಬಾಯಿಮಾತನ್ನೂ ಸಾಹಿತ್ಯದ ಅಧ್ಯಾಪಕರು ತಮ್ಮ ಸಂಶೋಧನೆಯ ವಿಷಯವೆಂದೇ ಭಾವಿಸಿ ಸಂಗ್ರಹಿಸಲಿ. ಇದು ಇನ್ನೊಂದು. ಓಲೆಗರಿಗಳನ್ನು ಕಾಪಾಡಲು ನಾವು ಪಟ್ಟ ಶ್ರಮದ ಹತ್ತರಲ್ಲೊಂದು ಪಾಲು ಉಸಿರಿನ ವಿದ್ಯೆಗೂ ಸಲ್ಲಬೇಕು.

ಉಪ್ಪಿನಂಗಡಿಯ ಸಂಗಮದಿಂದ ಮುಂದಕ್ಕೆ ಹರಿಯುವ ನೀರನ್ನು ನೇತ್ರಾವತಿಯೆಂದೇ ಕರೆಯುವರು. ಕುಮಾರಧಾರೆಯ ಹೆಸರು ಅಲ್ಲಿಗೆ ನಿಲ್ಲುವುದು, ನೀರು ನಿಲ್ಲುವುದಿಲ್ಲ. ತನಿಯಪ್ಪನವರ ನಾಗಸ್ವರಕ್ಕೂ ಆದುದು ಅಷ್ಟೇ. ಕಣ್ಣು ಮುಚ್ಚಿ ಕೇಳೆಂದು ನಮಗೆ ಬುದ್ಧಿ ಹೇಳಿದ ಆ ವೃದ್ಧರು ಈಗಿಲ್ಲ. ಅವರ ಹೆಸರನ್ನು ಅಂದು ಕೇಳಿ ತಿಳಿದುಕೊಳ್ಳಲಿಲ್ಲವೆಂಬ ಪಶ್ಚಾತ್ತಾಪವೇ ಈ ಲೇಖನಕ್ಕೆ ಪ್ರೇರಣೆಯೆಂದು ಅರಿಕೆಮಾಡಿ ವಿರಮಿಸುತ್ತೇವೆ.